ಎರಡನೇ ಭಾನುವಾರ ಯಾರು ಬರುತ್ತಾರೆ?

ಬೆಂಗಳೂರಿಗೆ ಹೊಸದಾಗಿ ಬಂದವರು ಎಲ್ಲಕ್ಕಿಂತ ಮೊದಲು ತಪ್ಪಿಲ್ಲದೆ ಕಲಿಯುವ ಕನ್ನಡ ವಾಕ್ಯ ‘ಕನ್ನಡ ಗೊತ್ತಿಲ್ಲ’. ಉಚ್ಚಾರಣೆ ಸರಿ, ಒತ್ತಕ್ಷರವೂ ಸರಿ. ಆಟೊದವರಿಗೆ, ತರಕಾರಿ ಗಾಡಿಯವರಿಗೆ, ಪಿ.ಜಿ. ಮಾಲೀಕರಿಗೆ ದಿನಕ್ಕೆ ಹತ್ತು ಸಲ ಹೇಳಿ ಹೇಳಿ ಅದು ನಾಲಿಗೆಗೆ ಅಂಟಿಕೊಂಡಿರುತ್ತದೆ. ಎರಡನೇ ವಾಕ್ಯ ಕಲಿಯುವುದೇ ಕಷ್ಟ. ಯಾರೋ ಒಬ್ಬರು ಧೈರ್ಯ ಮಾಡಿ ‘ಸ್ವಲ್ಪ ಸ್ವಲ್ಪ ಬರುತ್ತೆ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ನಾವು ‘ಹೌದಾ!’ ಎಂದು ಖುಷಿಪಟ್ಟು, ಮುಂದಿನ ಮಾತನ್ನು ಹಿಂದಿಯಲ್ಲೋ ಇಂಗ್ಲಿಷ್‌ನಲ್ಲೋ ಶುರು ಮಾಡುತ್ತೇವೆ. ಅವರ ಎರಡನೇ ವಾಕ್ಯ ಅಲ್ಲಿಗೆ ಮುಗಿಯಿತು.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಕನ್ನಡ ಮಾತಾಡುವ ಗುಂಪೊಂದು ಸೇರುತ್ತದೆ. ಶುಲ್ಕ ಇಲ್ಲ, ಪುಸ್ತಕ ಇಲ್ಲ, ಮೇಷ್ಟ್ರೂ ಇಲ್ಲ. ಹೊಂಗೆ ಮರದ ಕೆಳಗಿನ ಕಲ್ಲುಬೆಂಚು, ಗೇಟಿನ ಹೊರಗೆ ಟೀ ಗಾಡಿ, ಇಷ್ಟೇ ವ್ಯವಸ್ಥೆ. ಕನ್ನಡ ಬಲ್ಲ ನಾವು ಏಳೆಂಟು ಮಂದಿ ಇರುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಓದುತ್ತಿರುವವರು ಅಥವಾ ನನ್ನಂತೆ ಕೆಲಸ ಹುಡುಕುತ್ತಿರುವವರು. ಕಲಿಯಲು ಬರುವವರಲ್ಲಿ ಆಸ್ಪತ್ರೆಯ ನರ್ಸ್‌ಗಳು, ಸಾಫ್ಟ್‌ವೇರ್ ಕಂಪನಿಯವರು, ಒಬ್ಬ ಬ್ಯಾಂಕ್ ಅಧಿಕಾರಿ, ಒಡಿಶಾದಿಂದ ಬಂದು ಡೆಲಿವರಿ ಕೆಲಸ ಮಾಡುವ ಹುಡುಗರು ಇದ್ದಾರೆ. ಗುಂಪು ಶುರುವಾಗಿ ಎರಡು ತಿಂಗಳಾದ ಮೇಲೆ ನಾನು ಸೇರಿಕೊಂಡೆ.

ನಾನು ಸೇರಿದಾಗ ಗೆಳೆಯರಿಗಿದ್ದ ಚಿಂತೆ ಒಂದೇ. ಹೊಸಬರು ಬರುತ್ತಾರೆ, ಆದರೆ ಒಂದೇ ಸಲ. ಹಾಜರಿ ಬರೆಯುವ ನೋಟ್‌ಬುಕ್ಕಿನಲ್ಲಿ ಒಂದು ವಾರ ಕಂಡ ಹೆಸರು ಮುಂದಿನ ವಾರ ಇರುತ್ತಿರಲಿಲ್ಲ. ‘ಅವರಿಗೆ ಕನ್ನಡ ಬೇಕಾಗಿಲ್ಲ ಬಿಡ್ರಿ, ಎರಡು ವರ್ಷ ದುಡಿದು ಹೋಗೋರು’ ಎಂದು ನಮ್ಮಲ್ಲೊಬ್ಬರು ತೀರ್ಮಾನ ಕೊಟ್ಟುಬಿಟ್ಟಿದ್ದರು. ನನಗೆ ಅದು ನಂಬಿಕೆಯಾಗಲಿಲ್ಲ. ರಜೆಯಿರುವ ಒಂದೇ ದಿನ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಗುರುತಿಲ್ಲದವರ ನಡುವೆ ಬಂದು ಕೂರುವವರಿಗೆ ಕನ್ನಡ ಬೇಡವೆಂದರೆ ಹೇಗೆ? ಆ ಹೆಸರುಗಳಲ್ಲಿ ನಾಲ್ಕೈದು ಮಂದಿ ನಮ್ಮ ಪಿ.ಜಿ.ಯ ಅಕ್ಕಪಕ್ಕದವರೇ ಆಗಿದ್ದರಿಂದ ನೇರವಾಗಿ ಕೇಳಿದೆ.

ಕನ್ನಡ ಕಷ್ಟ ಎಂದು ಒಬ್ಬರೂ ಹೇಳಲಿಲ್ಲ. ‘ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ನಾನು ಮಾತ್ರ ಹೊರಗಿನವಳು’ ಎಂದಳು ಕೇರಳದ ಒಬ್ಬ ನರ್ಸ್. ‘ನಾನು ಒಂದು ವಾಕ್ಯ ಹೇಳಿದೆ, ಮೂವರು ಮೂರು ತರಹ ತಿದ್ದಿದರು, ಯಾವುದು ಸರಿ ಅಂತ ಇವತ್ತಿಗೂ ಗೊತ್ತಾಗಿಲ್ಲ’ ಎಂದ ಇನ್ನೊಬ್ಬ. ಮತ್ತೊಬ್ಬನದು ಇನ್ನೂ ಸಣ್ಣ ಕಾರಣ. ಅವನು ಮಾತಾಡಿದಾಗ ಯಾರೋ ನಕ್ಕರಂತೆ. ಅದು ಪ್ರೀತಿಯ ನಗುವೇ ಇದ್ದಿರಬಹುದು. ಮಗು ಮೊದಲ ಸಲ ‘ಅತ್ತೆ’ ಎಂದಾಗ ಮನೆಯವರು ನಗುವುದಿಲ್ಲವೇ, ಹಾಗೆ. ಆದರೆ ಇಪ್ಪತ್ತಾರು ವರ್ಷದ ಗಂಡಸಿಗೆ ತನ್ನನ್ನು ಮಗುವಿನಂತೆ ನೋಡಿ ನಕ್ಕರೆ ಹೇಗಾಗುತ್ತದೆ ಎಂದು ನಗುವವರಿಗೆ ಹೊಳೆಯುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮಗೆ ಇದು ಹೊಳೆಯಬೇಕಿತ್ತು. ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾಗ ನಾನು ಕೆಲವು ದಿನ ಒಂದು ಇಂಗ್ಲಿಷ್ ಅಭ್ಯಾಸದ ಗುಂಪಿಗೆ ಹೋಗಿದ್ದೆ. ಸಂಜೆ ಒಂದು ಗಂಟೆ ಇಂಗ್ಲಿಷ್‌ನಲ್ಲೇ ಮಾತಾಡಬೇಕು, ಕನ್ನಡದ ಒಂದು ಪದ ಬಂದರೆ ಐದು ರೂಪಾಯಿ ದಂಡ. ಮೇಜಿನ ಮೇಲೆ ಒಂದು ಡಬ್ಬಿ ಇರುತ್ತಿತ್ತು. ಡಬ್ಬಿಗೆ ದುಡ್ಡು ಹಾಕುತ್ತಿದ್ದವರು ಚೆನ್ನಾಗಿ ಇಂಗ್ಲಿಷ್ ಬರುವವರೇ. ಮಾತಿನ ಭರದಲ್ಲಿ ಒಂದು ‘ಅಲ್ಲಾ’, ಒಂದು ‘ಹೌದಲ್ಲೋ’ ಅವರಿಂದ ಜಾರುತ್ತಿತ್ತು. ಹಳ್ಳಿಗಳಿಂದ ಬಂದ ನಾವು ಹೊಸಬರು ಒಂದು ರೂಪಾಯಿಯನ್ನೂ ಕೊಡಲಿಲ್ಲ. ಬಾಯಿ ಬಿಟ್ಟರೆ ತಾನೆ ದಂಡ! ತಿಂಗಳ ಕೊನೆಗೆ ಆ ದುಡ್ಡಿನಲ್ಲಿ ಮಿರ್ಚಿ ತರಿಸಿ ಹಂಚಿದರು. ಆಗಲೂ ನಾವು ಮಾತಾಡದೆಯೇ ತಿಂದೆವು. ಭಾಷೆಯ ಮೇಲಿನ ಅಭಿಮಾನದಿಂದ ಇಂಗ್ಲಿಷ್ ಪದಕ್ಕೆ ದಂಡ ಹಾಕುವ ಸಭೆಗಳನ್ನು ಈಗಲೂ ಅಲ್ಲಲ್ಲಿ ನೋಡುತ್ತೇನೆ. ನಗುನಗುತ್ತಲೇ ನಡೆಯುವ ಆಟ ಅದು, ಆದರೆ ಬಾಯಿ ಬಿಡಲಾಗದವರು ಆ ನಗುವಿನಲ್ಲಿ ಇರುವುದಿಲ್ಲ.

ಪಾರ್ಕಿನ ಗುಂಪಿನಲ್ಲಿ ದಂಡ ಇರಲಿಲ್ಲ, ಭಾಷಣ ಇತ್ತು. ಹೊಸಬರು ಬಂದ ಕೂಡಲೇ ಯಾರಾದರೂ ಒಬ್ಬರು ಎದ್ದು ಹಲ್ಮಿಡಿ ಶಾಸನದಿಂದ ಶುರು ಮಾಡಿ, 2008ರಲ್ಲಿ ಬಂದ ಶಾಸ್ತ್ರೀಯ ಸ್ಥಾನ ಮುಟ್ಟಿ, ಎಂಟು ಜ್ಞಾನಪೀಠಗಳಿಗೆ ಬಂದು ನಿಲ್ಲುತ್ತಿದ್ದರು. ಎಲ್ಲವೂ ನಿಜ, ನನಗೂ ಹೆಮ್ಮೆಯೇ. ಆದರೆ ಎದುರಿಗೆ ಕೂತ ನರ್ಸ್‌ಗೆ ಬೇಕಾಗಿದ್ದದ್ದು ‘ನೋವು ಎಲ್ಲಿದೆ?’ ಎಂದು ಕೇಳುವುದು ಹೇಗೆ ಎಂಬುದು. ಆಕೆಯ ವಾರ್ಡಿನಲ್ಲಿ ಕಲಬುರಗಿ ಕಡೆಯ ಅಜ್ಜಿಯೊಬ್ಬರು ರಾತ್ರಿಯಿಡೀ ‘ಬ್ಯಾನಿ, ಬ್ಯಾನಿ’ ಎನ್ನುತ್ತಿದ್ದರಂತೆ. ಅದು ಯಾರದೋ ಹೆಸರಿರಬೇಕು ಎಂದುಕೊಂಡು ಈಕೆ ಜೊತೆಯವರನ್ನು ಹುಡುಕಿದಳಂತೆ. ಬೇನೆ ಎಂಬ ಪದವನ್ನು ಆಕೆ ಬಲ್ಲವಳೇ ಆಗಿದ್ದರೆ ಒಂದು ಚುಚ್ಚುಮದ್ದು ಒಂದು ಗಂಟೆ ಮೊದಲೇ ಸಿಗುತ್ತಿತ್ತು. ಇಂಥ ಅಗತ್ಯ ಇಟ್ಟುಕೊಂಡು ಬಂದವರನ್ನು ಶಾಸನದ ಎದುರು ಕೂರಿಸಿದರೆ ಎರಡನೇ ಭಾನುವಾರ ಯಾಕೆ ಬಂದಾರು?

ಜ್ಞಾನಪೀಠದ ಮಾತು ಬಂದದ್ದಕ್ಕೆ ಹೇಳುತ್ತೇನೆ, ಆ ಪಟ್ಟಿಯಿಂದ ಹೊಸಬರಿಗೆ ನಿಜವಾಗಿ ಧೈರ್ಯ ಕೊಡುವ ಸಂಗತಿ ಬೇರೆ ಇದೆ. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಭಾಷಣದಲ್ಲಿ ಇದನ್ನು ಹೇಳುವವರು ಕಡಿಮೆ. 2011ರ ಜನಗಣತಿಯ ಪ್ರಕಾರ ಕನ್ನಡ ಮಾತೃಭಾಷೆಯವರು ಸುಮಾರು 4.37 ಕೋಟಿ. ಇವರಲ್ಲದೆ ಕನ್ನಡವನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಬಲ್ಲವರು ಸುಮಾರು ಒಂದೂವರೆ ಕೋಟಿ. ಅಂದರೆ ಕನ್ನಡ ಮಾತಾಡುವ ಪ್ರತಿ ನಾಲ್ವರಲ್ಲಿ ಒಬ್ಬರು ಅದನ್ನು ಎಲ್ಲೋ, ಯಾರ ಹತ್ತಿರವೋ ಕಲಿತವರು. ಅವರ ಮೊದಲ ಮಾತಿಗೆ ಯಾರೋ ಕಿವಿಗೊಟ್ಟಿದ್ದಾರೆ.

ಗುಂಪಿನಲ್ಲಿ ಬದಲಾವಣೆ ಶುರುವಾದದ್ದು ಆ ಕೇರಳದ ನರ್ಸ್‌ನಿಂದಲೇ. ಒತ್ತಾಯಕ್ಕೆ ಮತ್ತೆ ಬಂದಿದ್ದಳು. ಆಕೆ ಜರ್ಮನಿಯಲ್ಲಿ ಕೆಲಸಕ್ಕೆ ಹೋಗಬೇಕೆಂದು ಜರ್ಮನ್ ಭಾಷೆಯನ್ನೂ ಕಲಿಯುತ್ತಿದ್ದಳು. ‘ನಮ್ಮ ಜರ್ಮನ್ ಕ್ಲಾಸಿನಲ್ಲಿ ಮೊದಲ ದಿನ ಹೆಸರು ಹೇಳುವುದನ್ನು ಕಲಿಸುವ ಮೊದಲೇ ಇನ್ನೊಮ್ಮೆ ಹೇಳಿ, ನಿಧಾನವಾಗಿ ಹೇಳಿ ಅನ್ನುವುದನ್ನು ಕಲಿಸಿದರು’ ಎಂದಳು. ಅಲ್ಲೇ ಕೂತು ನಾವು ನಾಲ್ಕು ವಾಕ್ಯ ಬರೆದೆವು. ಇನ್ನೊಂದ್ಸಲ ಹೇಳಿ. ನಿಧಾನವಾಗಿ ಹೇಳಿ. ಇದಕ್ಕೆ ಕನ್ನಡದಲ್ಲಿ ಏನಂತಾರೆ? ಕನ್ನಡದಲ್ಲೇ ಮಾತಾಡಿ, ನಾನು ಕಲೀತಾ ಇದ್ದೀನಿ.

ಈಗ ಹೊಸಬರು ಯಾರು ಬಂದರೂ ಮೊದಲ ಹತ್ತು ನಿಮಿಷ ಈ ನಾಲ್ಕೇ ವಾಕ್ಯ. ಬೇರೆ ಏನೂ ಬರದಿದ್ದರೂ ಇವಿಷ್ಟು ಬಂದರೆ ‘ಕನ್ನಡ ಗೊತ್ತಿಲ್ಲ’ ಎನ್ನುವ ಕಡೆ ಹೇಳಲು ಮತ್ತೊಂದು ಮಾತು ಸಿಕ್ಕಂತಾಗುತ್ತದೆ. ನಾಲ್ಕನೆಯ ವಾಕ್ಯವಂತೂ ಅಂಗಡಿಯವರ ಮುಖವನ್ನೇ ಬದಲಿಸುತ್ತದೆ. ಆ ಮಾತು ಕೇಳಿದ ಮೇಲೆ ಹಿಂದಿಗೆ ಹೊರಳುವ ಅಂಗಡಿಯವರನ್ನು ನಾನಿನ್ನೂ ನೋಡಿಲ್ಲ.

ಸುತ್ತ ಕೂತು ಒಬ್ಬೊಬ್ಬರಾಗಿ ಎದ್ದು ಪರಿಚಯ ಹೇಳಿಕೊಳ್ಳುವ ಪದ್ಧತಿಯನ್ನೂ ಕೈಬಿಟ್ಟೆವು. ಇಂಟರ್‌ವ್ಯೂ ಎದುರಿಸಿದ ಯಾರಿಗಾದರೂ ಗೊತ್ತು, ತನ್ನ ಸರದಿ ಬರುವವರೆಗೆ ಪಕ್ಕದವರು ಹೇಳಿದ ಒಂದು ಮಾತೂ ಕಿವಿಗೆ ಬೀಳುವುದಿಲ್ಲ. ಅದರ ಬದಲು ಹೊಸಬರಿಗೆ ಒಬ್ಬ ಜೊತೆಗಾರ. ಇಬ್ಬರೂ ಗೇಟಿನಾಚೆ ಹೋಗಿ ಟೀ ತರಬೇಕು, ‘ಎರಡು ಟೀ ಕೊಡಿ, ಒಂದಕ್ಕೆ ಸಕ್ಕರೆ ಬೇಡ’ ಎಂದು ಹೊಸಬರೇ ಹೇಳಬೇಕು. ಜೊತೆಗಾರ ಬಾಯಿ ಹಾಕುವಂತಿಲ್ಲ. ಟೀ ಗಾಡಿಯ ಅಣ್ಣನಿಗೆ ಈಗ ಈ ಆಟ ಎಷ್ಟು ಅಭ್ಯಾಸವಾಗಿದೆಯೆಂದರೆ, ಯಾರಾದರೂ ಸನ್ನೆ ಮಾಡಿ ಎರಡು ಬೆರಳು ತೋರಿಸಿದರೆ ‘ಏನ್ ಬೇಕು ಹೇಳಿ’ ಎಂದು ಕಾಯುತ್ತಾರೆ. ಕಲಿಸುವವರ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅವರೇ ನಮ್ಮ ಗುಂಪಿನ ಒಳ್ಳೆಯ ಮೇಷ್ಟ್ರು.

ಕಾಯುವುದು ಸುಲಭವಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಮಾತುಕತೆ ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಎಂದು ಗೊತ್ತಾಯಿತು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಸುಮ್ಮನೆ ಕೂರುವವರು ಕಡಿಮೆಯಾದರು. ಗೊತ್ತಿರುವ ಭಾಷೆಯಲ್ಲೇ ಮಕ್ಕಳಿಗೆ ಮೂರು ಸೆಕೆಂಡ್ ಬೇಕಾದರೆ, ಒಡಿಯಾದಲ್ಲಿ ಯೋಚಿಸಿ, ಕನ್ನಡದ ಪದ ಹುಡುಕಿ, ಕ್ರಿಯಾಪದಕ್ಕೆ ಸರಿಯಾದ ಬಾಲ ಜೋಡಿಸಿ ಹೇಳುವವನಿಗೆ ಎಷ್ಟು ಬೇಕು? ನಾವು ಮನಸ್ಸಿನಲ್ಲೇ ಒಂದರಿಂದ ಹತ್ತರವರೆಗೆ ಎಣಿಸುವುದೆಂದು ಮಾತಾಡಿಕೊಂಡಿದ್ದೇವೆ. ಎಣಿಸಿ ನೋಡಿ, ಆರು ಏಳು ಬರುವ ಹೊತ್ತಿಗೆ ಎದುರಿನವರ ಪದವನ್ನು ನಾವೇ ಹೇಳಿಬಿಡೋಣ ಎಂದು ಗಂಟಲು ತುರಿಸುತ್ತದೆ.

ತಿದ್ದುವ ವಿಷಯದಲ್ಲಿ ಗುಂಪಿನಲ್ಲಿ ದೊಡ್ಡ ಜಗಳವೇ ಆಯಿತು. ‘ತಪ್ಪನ್ನು ತಪ್ಪು ಅನ್ನದಿದ್ದರೆ ಕಲಿಯುವುದು ಹೇಗೆ?’ ಎಂಬುದು ಕೆಲವರ ವಾದ. ‘ತಿದ್ದಿದ್ದಕ್ಕೇ ಓಡಿಹೋದರಲ್ಲ’ ಎಂಬುದು ಉಳಿದವರದು. ಕೊನೆಗೆ ಒಪ್ಪಿದ್ದು ಹೀಗೆ. ಮೊದಲ ದಿನಗಳಲ್ಲಿ ಮಾತನ್ನು ನಿಲ್ಲಿಸಿ ತಿದ್ದುವುದಿಲ್ಲ, ಸರಿಯಾದ ರೂಪವನ್ನು ನಮ್ಮ ಉತ್ತರದೊಳಗೆ ಇಟ್ಟು ಮಾತು ಮುಂದುವರಿಸುತ್ತೇವೆ. ‘ನಾನು ನಿನ್ನೆ ಮೈಸೂರು ಹೋಗ್ತೀನಿ’ ಎಂದು ಅವರು ಹೇಳಿದರೆ, ‘ಓ, ನಿನ್ನೆ ಮೈಸೂರಿಗೆ ಹೋಗಿದ್ರಾ? ರೈಲಲ್ಲಾ, ಬಸ್ಸಲ್ಲಾ?’ ಎಂದು ಕೇಳುತ್ತೇವೆ. ಮಕ್ಕಳ ಜೊತೆ ತಾಯಂದಿರು ಮಾಡುವುದೂ ಇದನ್ನೇ. ಆದರೆ ಇದರಲ್ಲೊಂದು ತೊಡಕಿದೆ. ಕೆನಡಾದಲ್ಲಿ ಫ್ರೆಂಚ್ ಕಲಿಯುವ ಶಾಲಾ ಮಕ್ಕಳ ತರಗತಿಗಳನ್ನು ಲಿಸ್ಟರ್ ಮತ್ತು ರಾಂಟಾ ಎಂಬ ಸಂಶೋಧಕರು ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಶಿಕ್ಷಕರು ಅರ್ಧಕ್ಕಿಂತ ಹೆಚ್ಚು ಸಲ ಹೀಗೆಯೇ ಮೆಲ್ಲಗೆ ತಿದ್ದುತ್ತಾರೆ, ಆದರೆ ಮಕ್ಕಳು ತಮ್ಮ ಮಾತನ್ನು ತಾವೇ ಸರಿಪಡಿಸಿಕೊಳ್ಳಲು ಇದು ಅಷ್ಟಾಗಿ ಪ್ರೇರೇಪಿಸುವುದಿಲ್ಲ ಎಂದಿದ್ದಾರೆ. ನಮ್ಮ ಬ್ಯಾಂಕ್ ಅಧಿಕಾರಿ ಇದಕ್ಕೆ ಜೀವಂತ ಉದಾಹರಣೆ. ಒಂದು ತಿಂಗಳು ಅವರ ‘ನಾನು ಬೇಕು’ ಎಂಬುದಕ್ಕೆ ನಾವೆಲ್ಲ ‘ನಿಮಗೆ ಬೇಕಾ?’ ಎನ್ನುತ್ತಲೇ ಇದ್ದೆವು, ಅವರು ‘ಹೌದು, ನಾನು ಬೇಕು’ ಎನ್ನುತ್ತಲೇ ಇದ್ದರು.

ಆದ್ದರಿಂದ ಮೂರನೇ ವಾರ ನಾವು ಅವರವರನ್ನೇ ಕೇಳುತ್ತೇವೆ: ತಿದ್ದಬೇಕಾ, ಬೇಡವಾ? ತಿದ್ದುವುದಾದರೆ ಯಾವುದನ್ನು? ಬ್ಯಾಂಕಿನವರು ‘ಎಲ್ಲವನ್ನೂ’ ಎಂದರು. ಡೆಲಿವರಿಯ ಹುಡುಗ ‘ಅಂಕಿ ಮಾತ್ರ’ ಎಂದ. ಕೇಳಿದ ಮೇಲೆ ತಿದ್ದಿದರೆ ಯಾರಿಗೂ ಬೇಜಾರಾಗುವುದಿಲ್ಲ. ಜೊತೆಗಾರ ಒಬ್ಬರೇ ತಿದ್ದಬೇಕು ಎಂಬ ನಿಯಮವೂ ಇದೆ. ಈ ನಿಯಮ ಬಂದದ್ದು ‘ಇದೆ’ಯಿಂದ.

ಕತೆ ಹೀಗೆ. ಒಬ್ಬ ಹುಡುಗಿ ‘ನನ್ನ ಹತ್ತಿರ ಛತ್ರಿ ಇದೆ’ ಎಂದಳು. ಸರಿಯಾಗಿಯೇ ಹೇಳಿದ್ದಳು. ನಮ್ಮ ಹುಬ್ಬಳ್ಳಿಯ ಗೆಳೆಯ ‘ಐತಿ ಅಂದ್ರೂ ನಡೀತದ’ ಎಂದ. ಪುತ್ತೂರಿನವನಿಗೆ ಸುಮ್ಮನಿರಲಾಗಲಿಲ್ಲ, ‘ನಮ್ಮಲ್ಲಿ ಉಂಟು ಅಂತ ಹೇಳುದು’ ಎಂದ. ಮಂಡ್ಯದವನು ‘ಅದೆ’ ಎಂದು ಸೇರಿಸಿದ. ಅಲ್ಲಿಂದ ಯಾವ ಊರಿನ ಕನ್ನಡ ಹಳೆಯದು, ಯಾವುದು ಶುದ್ಧ ಎಂಬಲ್ಲಿಗೆ ಹೋಗಿ ಕಾಲು ಗಂಟೆ ಬಿಸಿಬಿಸಿ ಚರ್ಚೆ. ಛತ್ರಿಯ ಹುಡುಗಿ ಮೊಬೈಲ್ ತೆಗೆದು ನೋಡುತ್ತಾ ಕೂತಿದ್ದಳು. ಚರ್ಚೆ ನನಗೂ ಇಷ್ಟ, ಕನ್ನಡದ ಸೊಗಸಿರುವುದೇ ಈ ಐತಿ-ಉಂಟು-ಅದೆಗಳಲ್ಲಿ. ಆದರೆ ಅದು ಈಜು ಬರುವವರ ಆಟ. ಈಗ ತೀರಿಸಿಕೊಳ್ಳುವ ಜಾಗ ಟೀ ಗಾಡಿ, ಹನ್ನೊಂದು ಗಂಟೆಯ ನಂತರ. ಹೊಸಬರಿಗೆ ಅವರ ಜೊತೆಗಾರರ ಊರಿನ ಕನ್ನಡವೇ ಕನ್ನಡ. ಪುತ್ತೂರಿನವನ ಶಿಷ್ಯನೊಬ್ಬ ಪೀಣ್ಯದ ಕಾರ್ಖಾನೆಯಲ್ಲಿ ‘ಎಂತ ಮಾರಾಯ್ರೆ’ ಎಂದು ಮಾತಾಡಿ ಎಲ್ಲರ ಮೆಚ್ಚುಗೆ ಗಳಿಸಿದ್ದಾನೆ.

ಬರಹದ ಕನ್ನಡವನ್ನು ಮೊದಲೇ ತಲೆಗೆ ತುಂಬುವುದು ಇನ್ನೊಂದು ತೊಂದರೆ. ಪುಸ್ತಕ ನೋಡಿ ಕಲಿತು ಬಂದವರು ‘ನಾನು ಹೋಗುತ್ತೇನೆ’ ಎನ್ನುತ್ತಾರೆ. ರಸ್ತೆಯಲ್ಲಿ ಅವರ ಕಿವಿಗೆ ಬೀಳುವುದು ‘ಹೋಗ್ತೀನಿ’, ‘ಹೋಗ್ತೇನೆ’, ‘ಹೊಕ್ಕೀನಿ’. ತಾವು ಕಲಿತದ್ದು ಬೇರೆ ಯಾವುದೋ ಭಾಷೆ ಇರಬೇಕು ಎಂದು ಒಬ್ಬ ಎಂಜಿನಿಯರ್ ಗಂಭೀರವಾಗಿ ಕೇಳಿದ್ದ. ಅಕ್ಷರ ಬೇಡವೆಂದಲ್ಲ, ಬಸ್ಸಿನ ಬೋರ್ಡ್ ಓದಲು ಬಂದರೆ ಅದರ ಸಂತೋಷವೇ ಬೇರೆ. ಆದರೆ 49 ಅಕ್ಷರ ಮುಗಿಸಿದ ಮೇಲೆಯೇ ಮಾತು ಎಂದರೆ ಮಾತು ಬರುವುದೇ ಇಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಮೊದಲ ದಿನವೇ ಕಟ್ಟುನಿಟ್ಟು. ‘ಬಾ, ಹೋಗು, ಕೊಡು’ ಕಲಿಸುವುದಿಲ್ಲ. ‘ಬನ್ನಿ, ಹೋಗಿ, ಕೊಡಿ’ ಮಾತ್ರ. ಗೆಳೆಯರಿಂದ, ಸಿನಿಮಾದಿಂದ ಕನ್ನಡ ಎತ್ತಿಕೊಂಡವರಿಗೆ ಏಕವಚನವೇ ಮೊದಲು ಸಿಗುತ್ತದೆ. ಆ ‘ಬಾ’ವನ್ನು ಅವರು ಅರವತ್ತು ವರ್ಷದ ಆಟೊ ಚಾಲಕರ ಮೇಲೆ ಪ್ರಯೋಗಿಸುತ್ತಾರೆ. ಹಿಂದಿಯಲ್ಲೂ ತೂ-ಆಪ್ ವ್ಯತ್ಯಾಸ ಇದೆ, ಅವರು ಒರಟರಲ್ಲ, ಕನ್ನಡದಲ್ಲಿ ಯಾವುದು ಯಾವುದೆಂದು ತಿಳಿದಿರುವುದಿಲ್ಲ ಅಷ್ಟೆ. ಬೀದಿಯಲ್ಲಿ ಶುರುವಾಗಿ ಮೊಬೈಲ್ ವಿಡಿಯೊಗಳಲ್ಲಿ ಮುಗಿಯುವ ಭಾಷೆಯ ಜಗಳಗಳಲ್ಲಿ ಒಂದಷ್ಟಾದರೂ ಇಂಥ ಒಂದಕ್ಷರದಿಂದ ಹುಟ್ಟಿರಬಹುದೆಂದು ನನ್ನ ಗುಮಾನಿ. ಹೊಸಬರನ್ನು ಪ್ರೀತಿಯಿಂದ ನೋಡುವುದೆಂದರೆ ಎಲ್ಲವನ್ನೂ ನಡೆಯುತ್ತದೆ ಎನ್ನುವುದಲ್ಲ. ಅವರಿಗೆ ನಾಳೆ ಏಟು ಬೀಳುವ ಜಾಗವನ್ನು ಇವತ್ತೇ ತೋರಿಸಿಕೊಡಬೇಕು.

ಹೊಸಬರು ತಾವು ಬರಿಗೈಯಲ್ಲಿ ಬಂದಿದ್ದೇವೆ ಎಂದುಕೊಳ್ಳುತ್ತಾರೆ. ಹಾಗಿಲ್ಲ ಎಂದು ತೋರಿಸಿದ ದಿನ ಅವರು ಕೂರುವ ರೀತಿಯೇ ಬದಲಾಗುತ್ತದೆ. ಒಡಿಶಾದವರಿಗೆ ‘ಳ’ ತೊಂದರೆಯೇ ಅಲ್ಲ, ಅವರ ಭಾಷೆಯಲ್ಲಿ ಅದಿದೆ, ಮರಾಠಿಯವರಿಗೂ ಇದೆ. ಹಿಂದಿಯವರಿಗೆ ‘ಹಾಲು’ ‘ಹಾಳು’ಗಳ ನಡುವೆ ದಾರಿ ತಪ್ಪುತ್ತದೆ. ಹಿಂದಿ ಬರಹದಲ್ಲಿ ಹ್ರಸ್ವ ಎ, ಒ ಗಳಿಗೆ ಬೇರೆ ಅಕ್ಷರಗಳಿಲ್ಲದ್ದರಿಂದ ‘ಬೆಳೆ’ ಮತ್ತು ‘ಬೇಳೆ’ ಕಿವಿಗೆ ಒಂದೇ ಆಗಿ ಕೇಳುತ್ತವೆ. ಆದರೆ ಕನ್ನಡದಲ್ಲಿ ಮೇಜು ಗಂಡೋ ಹೆಣ್ಣೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ ಎಂದು ಹೇಳಿದಾಗ ಅವರಿಗಾಗುವ ಸಮಾಧಾನ ನೋಡಬೇಕು. ಅಂಕಿಗಳದ್ದೂ ಹಾಗೆಯೇ. ಹಿಂದಿಯಲ್ಲಿ ನೂರರೊಳಗಿನ ಅಂಕಿಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು, ಹಿಂದಿಯವರೇ ಅರವತ್ತೊಂಬತ್ತಕ್ಕೂ ಎಪ್ಪತ್ತೊಂಬತ್ತಕ್ಕೂ ತಡವರಿಸುತ್ತಾರೆ. ಕನ್ನಡದಲ್ಲಿ ಒಂದರಿಂದ ಹತ್ತು, ಆಮೇಲೆ ಇಪ್ಪತ್ತು ಮೂವತ್ತುಗಳು ಬಂದರೆ ಇಪ್ಪತ್ತೊಂದು, ಮೂವತ್ತೊಂದು ತಾವಾಗಿಯೇ ಬರುತ್ತವೆ. ಡೆಲಿವರಿಯ ಹುಡುಗ ಒಂದೇ ಭಾನುವಾರದಲ್ಲಿ ತೊಂಬತ್ತೊಂಬತ್ತರವರೆಗೆ ಹೋದ. ಮುಂದಿನ ವಾರ ಮನೆ ನಂಬರ್‌ಗಳನ್ನು ಕನ್ನಡದಲ್ಲಿ ಹೇಳುತ್ತಾ ಬಂದ.

ನರ್ಸ್ ಕಂಡುಕೊಂಡದ್ದು ಇದಕ್ಕಿಂತ ಸ್ವಾರಸ್ಯದ್ದು. ಮಲಯಾಳದ ‘ಪಾಲ್’ ಕನ್ನಡದಲ್ಲಿ ಹಾಲು, ‘ಪಲ್ಲ್’ ಹಲ್ಲು, ‘ಪುಲಿ’ ಹುಲಿ, ‘ಪಣಂ’ ಹಣ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದನ್ನು ನಾವು ಪಿ.ಯು.ಸಿ.ಯಲ್ಲಿ ಅಂಕಕ್ಕಾಗಿ ಓದಿದ್ದೆವು. ಆಕೆ ಅದನ್ನು ಕಲ್ಲುಬೆಂಚಿನ ಮೇಲೆ ಕೂತು ತಾನಾಗಿ ಹಿಡಿದಳು. ಆ ಖುಷಿಯಲ್ಲಿ ‘ಪಾರ್ಕ್’ ಅನ್ನು ‘ಹಾರ್ಕ್’ ಮಾಡಬೇಕಾ ಎಂದು ಕೇಳಿದಳು. ಆವತ್ತು ಎಲ್ಲರೂ ನಕ್ಕೆವು. ಆಕೆಯೂ ನಕ್ಕಳು, ಅದು ಆಕೆಯದೇ ತಮಾಷೆಯಾಗಿತ್ತು.

ಹಳಬರ ತಾಳ್ಮೆ ಕೆಡಿಸುವುದು ತಪ್ಪುಗಳಿಗಿಂತ ಹೆಚ್ಚಾಗಿ ಒಂದೇ ಪ್ರಶ್ನೆಗಳು. ‘ಕನ್ನಡ ಕಲಿಯಲು ಎಷ್ಟು ದಿನ ಬೇಕು?’ ‘ಯಾವ ಪುಸ್ತಕ ಒಳ್ಳೆಯದು?’ ‘ತಮಿಳಿಗೂ ಇದಕ್ಕೂ ಏನು ಸಂಬಂಧ?’ ವಾರವಾರವೂ ಇವೇ. ‘ಹೋದ ವಾರವಷ್ಟೇ ಹೇಳಿದ್ದೆವಲ್ಲ’ ಎಂಬ ಉತ್ತರ ನಾಲಿಗೆ ತುದಿಗೆ ಬರುತ್ತದೆ. ಆದರೆ ಹೋದ ವಾರ ಕೇಳಿದವರು ಬೇರೆಯವರು. ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವ ಊರು?’ ಎಂದು ಕೇಳುವುದಿಲ್ಲವೇ, ಈ ಪ್ರಶ್ನೆಗಳೂ ಅಂಥವೇ. ಮಾತಿಗೊಂದು ನೆಪ ಅಷ್ಟೆ. ಉತ್ತರಕ್ಕಿಂತ ಉತ್ತರ ಕೊಡುವವರ ಮುಖವನ್ನು ಅವರು ನೋಡುತ್ತಿರುತ್ತಾರೆ.

ಸಮಯದ ಬಗ್ಗೆ ಯಾರೂ ಬಹಳ ದಿನ ಯೋಚಿಸಿರಲಿಲ್ಲ. ಭಾನುವಾರ ಬೆಳಿಗ್ಗೆ ಯಾರಿಗೆ ಬಿಡುವು? ಕಚೇರಿಯವರಿಗೆ, ವಿದ್ಯಾರ್ಥಿಗಳಿಗೆ. ಡೆಲಿವರಿಯವರಿಗೆ ಅದೇ ಹೆಚ್ಚು ಆರ್ಡರ್ ಬರುವ ದಿನ, ನರ್ಸ್‌ಗಳಿಗೆ ಪಾಳಿ. ನಾವು ಎಷ್ಟೇ ನಯವಾಗಿ ಮಾತಾಡಿದರೂ ಬರಲಾಗದವರಿಗೆ ಅದರಿಂದ ಪ್ರಯೋಜನವಿಲ್ಲ. ಈಗ ಬುಧವಾರ ಮಧ್ಯಾಹ್ನ ಮೂರೂವರೆಗೆ, ಊಟದ ಆರ್ಡರ್‌ಗಳು ಮುಗಿದು ಸಂಜೆಯವು ಶುರುವಾಗುವ ಮೊದಲು, ಅವರು ಗಾಡಿ ನಿಲ್ಲಿಸುವ ಅಂಗಡಿ ಸಾಲಿನ ಎದುರೇ ಅರ್ಧ ಗಂಟೆ ಕೂರುತ್ತೇವೆ. ಅಲ್ಲಿ ಕಲಿಯುವ ಕನ್ನಡವೇ ಬೇರೆ. ‘ಮೇಲೆ ಬರಬೇಕಾ, ಕೆಳಗೆ ಬರ್ತೀರಾ?’ ‘ಲಿಫ್ಟ್ ಎಲ್ಲಿದೆ ಅಣ್ಣ?’ ‘ಎರಡು ನಿಮಿಷದಲ್ಲಿ ಬಂದೆ.’ ಕೊನೆಯದರಲ್ಲಿ ಬರಬೇಕಾದವನು ‘ಬಂದೆ’ ಎನ್ನುವುದು ಯಾಕೆ ಎಂದು ಒಬ್ಬ ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಕೆಲಸ ಹುಡುಕುವವರು ಭಾನುವಾರಗಳನ್ನು ಹೀಗೆ ಕಳೆಯಬೇಕಾ ಎಂದು ಮನೆಯಲ್ಲಿ ಕೇಳುತ್ತಾರೆ. ನಮ್ಮಲ್ಲಿ ಹಲವರಿಗೆ ಇಂಗ್ಲಿಷ್ ಮಾತಾಡುವ ಹಿಂಜರಿಕೆ ಹೋದದ್ದು ಇಲ್ಲೇ. ಹತ್ತೂವರೆಯಿಂದ ಹನ್ನೊಂದರವರೆಗೆ ಪಾತ್ರ ಅದಲುಬದಲು. ಅವರು ಮೇಷ್ಟ್ರು, ನಾವು ವಿದ್ಯಾರ್ಥಿಗಳು. ಇಂಗ್ಲಿಷ್ ಬೇಕಾದವರಿಗೆ ಇಂಗ್ಲಿಷ್, ಹಿಂದಿ ಬೇಕಾದವರಿಗೆ ಹಿಂದಿ. ನಮ್ಮ ‘ನಾನು ಬೇಕು’ ಬ್ಯಾಂಕ್ ಅಧಿಕಾರಿ ಮಾಕ್ ಇಂಟರ್‌ವ್ಯೂ ತೆಗೆದುಕೊಳ್ಳುತ್ತಾರೆ. ಉತ್ತರ ಹುಡುಕುತ್ತಾ ನಾವು ತಡವರಿಸಿದರೆ ಅವರು ಕಾಯುತ್ತಾರೆ. ಹತ್ತರವರೆಗೆ ಎಣಿಸುತ್ತಿದ್ದಾರೆ ಎಂದು ಅವರ ತುಟಿ ನೋಡಿದರೆ ಗೊತ್ತಾಗುತ್ತದೆ, ಅದೂ ಕನ್ನಡದಲ್ಲಿ. ತಡವರಿಸುವ ಭಾಷೆ ಇಬ್ಬರದೂ ಬೇರೆ ಬೇರೆ ಎಂದು ಒಮ್ಮೆ ನೋಡಿದ ಮೇಲೆ ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ದೊಡ್ಡ ನಿಯಮಗಳಿಗಿಂತ ಈ ಅರ್ಧ ಗಂಟೆಯೇ ಗುಂಪಿನ ಸ್ವಭಾವ ಬದಲಿಸಿತು ಎಂದು ನನಗನ್ನಿಸಿದೆ. ಕಾಲೇಜುಗಳಲ್ಲಿ ಇಂಗ್ಲಿಷ್ ಅಭ್ಯಾಸದ ಗುಂಪು ನಡೆಸುವವರು ಇದನ್ನು ಮಾಡಿ ನೋಡಬಹುದು. ಹಾಸ್ಟೆಲ್‌ನಲ್ಲಿ ಹೊರರಾಜ್ಯದ ಒಬ್ಬರಾದರೂ ಇದ್ದೇ ಇರುತ್ತಾರೆ.

ಎಲ್ಲವೂ ಸರಿಹೋಗಿದೆ ಎಂದಲ್ಲ. ಹೊಸಬರಿಗೆಂದೇ ಎಲ್ಲವನ್ನೂ ಬದಲಿಸುತ್ತಾ ಹೋದರೆ ಆರು ತಿಂಗಳಿಂದ ಬರುತ್ತಿರುವವರಿಗೆ ಬೇಸರ. ಪ್ರತಿ ವಾರ ‘ಎರಡು ಟೀ ಕೊಡಿ’ ಕೇಳಿ ಕೇಳಿ ಛತ್ರಿಯ ಹುಡುಗಿ ಬರುವುದನ್ನೇ ನಿಲ್ಲಿಸುವವಳಿದ್ದಳು. ಆಕೆಗೆ ಈಗ ದಿನಪತ್ರಿಕೆಯ ತಲೆಬರಹ ಓದಿ ಅರ್ಥ ಮಾಡಿಕೊಳ್ಳಬೇಕು, ಧಾರಾವಾಹಿಯ ಬೈಗುಳಗಳ ಅರ್ಥ ತಿಳಿಯಬೇಕು. ಇಂಥ ನಾಲ್ವರಿಗಾಗಿ ಪಕ್ಕದ ಬೆಂಚಿನಲ್ಲಿ ಬೇರೆ ಕೂಟ ಮಾಡಿದೆವು. ಆಗ ಹೊಸಬರಿಗೆ ಜೊತೆಗಾರರೇ ಸಾಲದಾದರು. ಕಡೆಗೆ ಹೊಸಬರ ಜೊತೆಗಾರರಾಗುವ ಕೆಲಸವನ್ನು ಆ ನಾಲ್ವರಿಗೇ ವಹಿಸಿದ್ದೇವೆ. ಮೊದಲ ದಿನದ ಭಯ ನೆನಪಿನಲ್ಲಿರುವವರು ನಮಗಿಂತ ಚೆನ್ನಾಗಿ ಕಾಯುತ್ತಾರೆ.

ಮುಂದಿನ ತಿಂಗಳಿಂದ ಬುಧವಾರದ ಗುಂಪನ್ನು ಡೆಲಿವರಿಯ ಹುಡುಗನೇ ನಡೆಸುತ್ತಾನೆ. ಜಾರ್ಖಂಡ್‌ನಿಂದ ಬಂದ ಮೂವರು ಹೊಸಬರನ್ನು ಈಗಾಗಲೇ ಗೊತ್ತುಮಾಡಿ ಇಟ್ಟುಕೊಂಡಿದ್ದಾನೆ. ಮೊದಲ ಹತ್ತು ನಿಮಿಷದ ನಾಲ್ಕು ವಾಕ್ಯಗಳ ಜೊತೆಗೆ ಐದನೆಯದೊಂದನ್ನು ಅವನೇ ಸೇರಿಸಿದ್ದಾನೆ: ‘ನಾಳೆನೂ ಬರ್ತೀನಿ.’